ಮಲ್ಲಿಗಮ್ಮನ ಹಚ್ಚೆ

ಹೆಬ್ಬೆರಳು ಒತ್ತಿದ ಕಡೆ ಹಚ್ಚೆಯ ಹೂವು ತಗ್ಗಿತು. ಮತ್ತೆ ಏಳಲಿಲ್ಲ.

ಚಂದನ ಸೀಗೆಪುಡಿ ಮೆತ್ತಿದ ಕೈಯನ್ನು ತೊಳೆದುಕೊಂಡು ಇನ್ನೊಮ್ಮೆ ಒತ್ತಿದಳು. ಚಿಕ್ಕವ್ವನ ಎಡಗೈಯಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಐದೆಸಳಿನ ಹೂವು. ಎಸಳುಗಳು ಚರ್ಮದೊಳಗೆ ಇಂಗಿ ಹಸಿರಾಗಿದ್ದವು. ನಡುವಿನ ಬೊಟ್ಟು ಕಡಲೆಕಾಳಿನ ಗಾತ್ರ, ಕಡುನೀಲಿ. ಅದು ಚರ್ಮದ ಮೇಲೆ ಉಬ್ಬಿಕೊಂಡಿತ್ತು. ಈಗ ನೀರು ಸೋರಿದ ಚೀಲದ ಹಾಗೆ ಸುಕ್ಕಾಗಿ ಮಲಗಿತು. ಹಚ್ಚೆ ಸುಕ್ಕಾಗುವುದಿಲ್ಲ. ಖಾಲಿಯಾಗುವುದಕ್ಕೆ ಹಚ್ಚೆಯೊಳಗೆ ಏನೂ ಇರುವುದಿಲ್ಲ.

ಹಿತ್ತಿಲಲ್ಲಿ ನಾಲ್ಕು ಸೀರೆ ಅಡ್ಡ ಹಿಡಿದು ಮಲ್ಲಿಗಮ್ಮನಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಬೆಳಕವಾಡಿಯಿಂದ ಎರಡು ಮೈಲಿ ಒಳಗಿನ ಆ ಊರಿನ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಬಿಸಿಯೂಟ ಬೇಯಿಸಿದ ಹೆಂಗಸು; ವಯಸ್ಸು ಐವತ್ತಾರು. ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದ ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ಮಂಗಳವಾರ ಮಳವಳ್ಳಿಯ ನರ್ಸಿಂಗ್ ಹೋಮಿನಲ್ಲಿ ಮೂಲವ್ಯಾಧಿಯ ಆಪರೇಷನ್ ಆಯಿತು. ರಕ್ತ ನಿಲ್ಲಲಿಲ್ಲ. ಗುರುವಾರ ಮಂಡ್ಯಕ್ಕೆ ಸಾಗಿಸಿದರು. ಶುಕ್ರವಾರ ಸಂಜೆ ಹೆಣವಾಗಿ ವಾಪಸು ಬಂದಳು. ಇವತ್ತು ಶನಿವಾರ.

ನೀರು ಹುಯ್ಯುತ್ತಿದ್ದವಳು ಮಗಳು ಸುನಿತಾ, ಮದ್ದೂರಿಗೆ ಕೊಟ್ಟವಳು, ದೀಪಿಕಳ ತಾಯಿ. ಮೈ ಉಜ್ಜುತ್ತಿದ್ದ ಚಂದನ ಮಲ್ಲಿಗಮ್ಮನ ಅಕ್ಕನ ಮಗಳು, ಮಂಡ್ಯದ ಆಸ್ಪತ್ರೆಯೊಂದರಲ್ಲಿ ನರ್ಸು. ಕರುಳಿನೊಳಕ್ಕೆ ಕ್ಯಾಮೆರಾದ ನಳಿಗೆ ಬಿಟ್ಟು ನೋಡುವ ಕೋಣೆಯಲ್ಲಿ ಆರು ವರ್ಷದಿಂದ ಡಾಕ್ಟರ ಪಕ್ಕ ನಿಂತವಳು. ಇದು ಏನೆಂದು ಅವಳಿಗೆ ಆಗ ಅರ್ಥವಾಯಿತು, ಎರಡು ದಿನ ತಡವಾಗಿ.

ಸುನಿತಾ ನೀರಿಗೆಂದು ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡಿದ್ದಳು. ಚಂದನ ಕೂತಲ್ಲಿಂದ ತಿರುಗಿದಾಗ ಅವಳ ಮೀನಖಂಡದ ಮೇಲೆ ಅದೇ ಬೊಟ್ಟು ಕಾಣಿಸಿತು. ಎಸಳಿಲ್ಲ, ಬರಿಯ ನಡು. ಕೇಳದೆ ಹೇಳದೆ ಹೆಬ್ಬೆರಳು ಇಟ್ಟು ಒತ್ತಿದಳು. ತಗ್ಗಿತು. ಬೆರಳು ತೆಗೆದಳು. ನಾಲ್ಕು ಎಣಿಸುವಷ್ಟರಲ್ಲಿ ಒಳಗಿನಿಂದ ನೀಲಿ ತುಂಬಿಕೊಂಡು ಬಂದು ಮೊದಲಿನಂತೆ ಉಬ್ಬಿ ನಿಂತಿತು.

"ಕೈ ತೆಗಿ," ಎಂದಳು ಸುನಿತಾ.

"ಯಾವಾಗಿಂದ ಐತಕ್ಕ ಇದು?"

"ಉಟ್ ಮಚ್ಚೆ ಕಣೆ."

"ರಕ್ತ ಹೋಗ್ತದಾ?"

ಸುನಿತಾ ಸೀರೆ ಹಿಡಿದು ನಿಂತಿದ್ದವರ ಕಡೆ ನೋಡಿದಳು. ತಂಬಿಗೆ ತುಂಬಿಕೊಂಡು, ತಾಯಿಯ ತಲೆಯ ಮೇಲೆ ನೀರು ಬೀಳುವ ಸದ್ದಿನ ಮರೆಯಲ್ಲಿ ಹೇಳಿದಳು.

"ದೀಪಿಕ ಉಟ್ಟಿದ್ ಮೇಲಿಂದ. ಸೋಮವಾರ ನಂದೂ ಆಪ್ರೇಸನ್ನು. ಅದೇ ಡಾಕ್ಟ್ರು."

*

ಮಲ್ಲಿಗಮ್ಮ ಡಾಕ್ಟರುಗಳನ್ನು ಅಣಕಿಸುತ್ತಿದ್ದಳು. ಶಾಲೆಯ ಅಡುಗೆಕೋಣೆಯಲ್ಲಿ ಬೇಳೆ ಬೇಯುವವರೆಗೆ ಅವಳದೊಂದು ಆಟ. ನೋಡುವವರು ಜೊತೆಯ ಅಡುಗೆಯವಳು ನಾಗಮಣಿ, ರಜೆಗೆ ಬಂದಿರುತ್ತಿದ್ದ ಚಂದನ, ಮತ್ತು ಕಿಟಕಿಯಾಚೆ ತಟ್ಟೆ ಹಿಡಿದು ನಿಂತ ಅರ್ಧ ಶಾಲೆ.

ಮಳವಳ್ಳಿ ಡಾಕ್ಟರಿಗೆ ಕತ್ತು ಎಡಕ್ಕೆ ವಾಲಬೇಕು. ರೋಗಿ ಕೂರುವ ಮುಂಚೆಯೇ ಪೆನ್ನು ಓಡಬೇಕು. ಅದಕ್ಕೆ ಅವಳು ಸೌಟಿನ ಹಿಡಿಯಿಂದ ಹಲಗೆಯ ಮೇಲೆ ಪರಪರ ಗೀಚುತ್ತಿದ್ದಳು. "ಉಷ್ಣ ಕಣಮ್ಮ, ಉಷ್ಣ. ಖಾರ ಬಿಡು, ಮಜ್ಜಿಗೆ ಕುಡಿ. ಎಲ್ಲಾ ಅವನಿಚ್ಛೆ." ‘ಅವನು’ ಎನ್ನುವಾಗ ಗದ್ದ ಮೇಲಕ್ಕೆ ಹೋಗಬೇಕು, ಅಲ್ಲಿ ಫ್ಯಾನು ತಿರುಗುತ್ತಿರುತ್ತದೆ. ಮದ್ದೂರಿನ ಪಂಡಿತರಿಗೆ ಮೂಗಿನಲ್ಲಿ ಮಾತು. ಅವರದನ್ನು ಮುಗಿಸಿ ತನ್ನದೇ ಗಂಟಲಿಗೆ ಬರುತ್ತಿದ್ದಳು: "ಮೂಲ ಯಾವ್ದು ಸ್ವಾಮಿ ಅಂದ್ರೆ ವ್ಯಾದಿ ಅಂತಾರೆ. ವ್ಯಾದಿ ಯಾವ್ದು ಅಂದ್ರೆ ಮೂಲ ಅಂತಾರೆ. ಎಲ್ಡೂ ಸೇರ್ಸಿ ಲೇಹ ಕೊಡ್ತಾರೆ." ನಾಗಮಣಿ ನಗುವ ಭರದಲ್ಲಿ ಸಾರಿಗೆ ಎರಡು ಸಲ ಉಪ್ಪು ಸುರಿದದ್ದುಂಟು.

ರಕ್ತ ಹೋಗುವುದು ಮದುವೆಗೆ ಮುಂಚಿನಿಂದಲೂ ಇತ್ತು. ಹೆಣ್ಣು ನೋಡಲು ಬಂದವರು ಅವಳ ಬಿಳಿಚಿದ ಮುಖ ಕಂಡು ಹುಡುಗಿ ಬೆಳ್ಳಗಿದ್ದಾಳೆಂದು ಒಪ್ಪಿಕೊಂಡು ಹೋದರು. ಆಮೇಲೆ ಮೂವತ್ತೊಂಬತ್ತು ವರ್ಷ ಒಬ್ಬರಾದ ಮೇಲೊಬ್ಬರು ಡಾಕ್ಟರು ಕಬ್ಬಿಣದ ಮಾತ್ರೆ ಬರೆದರು. "ಕಬ್ಬು ಬೆಳ್ಯೋ ಸೀಮೇಲುಟ್ಟಿ ಕಬ್ಬಿಣ ತಿನ್ಕೊಂಡ್ ಬದುಕ್ತಾ ಇವ್ನಿ ಕಣೆ," ಎನ್ನುತ್ತಿದ್ದಳು, ಉಗುರು ಬಿಳುಪಾದ ಕೈಯಲ್ಲಿ ಇನ್ನೂರು ಮಕ್ಕಳ ಅನ್ನದ ಡಬರಿ ಇಳಿಸುತ್ತ.

ಎಷ್ಟು ಡಾಕ್ಟರನ್ನು ಅಣಕಿಸಿದರೂ, ಅವರಲ್ಲಿ ಒಬ್ಬನೂ ಅವಳ ಕೈ ಹಿಡಿದು ನೋಡುವ ದೃಶ್ಯ ಆ ಆಟದಲ್ಲಿ ಇರಲಿಲ್ಲ. ಇಲ್ಲದ್ದನ್ನು ಅವಳು ಹೇಗೆ ಅಣಕಿಸಿಯಾಳು?

*

ಹೆಣವನ್ನು ಮುಂದಿನ ಅಂಗಳಕ್ಕೆ ತಂದು ಮಲಗಿಸಿದ್ದರು. ತಲೆಯ ಬಳಿ ಕೂತಿದ್ದ ತನ್ನ ತಾಯಿ ಚಲುವಮ್ಮನನ್ನು ಚಂದನ ಕೊಟ್ಟಿಗೆಯ ಮಗ್ಗುಲಿಗೆ ಕರೆದುಕೊಂಡು ಹೋದಳು.

"ಅವ್ವ, ಚಿಕ್ಕವ್ವನ ಎಡಗೈ ಹಚ್ಚೆ ಯಾವಾಗ ಹುಯ್ಸಿದ್ದು?"

ಚಲುವಮ್ಮ ಉತ್ತರಿಸುವ ಮೊದಲು ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದ್ದನ್ನು ಚಂದನ ಗಮನಿಸಿದಳು. ಅಷ್ಟರಲ್ಲೇ ಉತ್ತರ ಸಿಕ್ಕಿತ್ತು.

ಆಮೇಲೆ ಬಂದದ್ದು ಕತೆ. ಮಲ್ಲಿಗಮ್ಮನಿಗೆ ಹುಟ್ಟಿನಿಂದ ಕೈಮೇಲೆ ಆ ನೀಲಿ ಗಂಟು. ಮೊದಲು ನೋಡಲು ಬಂದ ಗಂಡಿನ ಕಡೆಯವರು ಬಳೆ ತೊಡಿಸುವಾಗ ಅದನ್ನು ಕಂಡು, ಹೋಗಿ ತಿಳಿಸುತ್ತೇವೆಂದು ಹೋದವರು ತಿಳಿಸಲೇ ಇಲ್ಲ. ಎರಡನೆಯವರು ಬರುವುದಕ್ಕೆ ಮುಂಚೆ ಅಜ್ಜಿ ಮಳವಳ್ಳಿ ಸಂತೆಯಿಂದ ಹಚ್ಚೆ ಹುಯ್ಯುವವಳನ್ನು ಕರೆಸಿದಳು. ಗಂಟಿಗೆ ಸೂಜಿ ತಾಗಿದ್ದೇ ರಕ್ತ ಚಿಮ್ಮಿತು. ಅರಿಸಿನ ಒತ್ತಿ, ಬಟ್ಟೆ ಕಟ್ಟಿ, ಅದು ನಿಲ್ಲುವುದಕ್ಕೆ ಒಂದು ದಿನ ಹಿಡಿಯಿತು. ಅದರ ಮೇಲೆ ಹುಯ್ಯುವುದಿಲ್ಲ, ಸುತ್ತ ಹುಯ್ಯುತ್ತೇನೆ ಎಂದಳು ಆ ಹೆಂಗಸು. ಬಣ್ಣ ಹೇಗೂ ಹಚ್ಚೆಯದೇ. ಐದು ಎಸಳು ಬರೆದು, ಗಂಟನ್ನು ಹೂವಿನ ನಡುವಿಗೆ ಕೂರಿಸಿ ಎದ್ದಳು. ಎರಡನೆಯ ಗಂಡಿನವರು ಹೂವು ಚೆನ್ನಾಗಿದೆ ಎಂದರು.

"ಇಷ್ಟು ವರ್ಷ ಒಬ್ಬರಿಗಾದ್ರೂ ಹೇಳ್ಬಾರ್ದಾ ಅವ್ವ?"

"ಏಳಂಗಿದ್ರೆ ಮುಚ್ಚಿದ್ದ್ಯಾಕೆ?" ಎಂದಳು ಚಲುವಮ್ಮ. ಅವಳಿಗೂ ಸಿಟ್ಟು ಬಂದಿತ್ತು. "ಕೈ ಮ್ಯಾಲಿನ ಗಂಟ್ಗೂ ಕೆಳಗೋಗೋ ರಕ್ತಕ್ಕೂ ಏನೇ ಸಂಬಂದ? ನೀನ್ ಓದ್ದೋಳು, ನಿಂಗ್ ಗೊತ್ತಿತ್ತಾ?"



*

ಗುರುವಾರ ಮಧ್ಯಾಹ್ನ, ಮಂಡ್ಯ. ನಳಿಗೆ ಒಳಗೆ ಹೋಗಿತ್ತು. ತೆರೆಯ ತುಂಬ ಬರೀ ಕೆಂಪು. ಹೊಸದಾಗಿ ಸೇರಿದ್ದ ಡಾಕ್ಟರು ನೀರು ಹಾಯಿಸಿ ತೊಳೆದಂತೆ ಮತ್ತೆ ಕೆಂಪು ತುಂಬುತ್ತಿತ್ತು. ಒಂದೇ ಒಂದು ಗಳಿಗೆ, ದೊಡ್ಡ ಕರುಳಿನ ಗೋಡೆಗೆ ನೇರಳೆ ಹಣ್ಣು ಅಂಟಿದ ಹಾಗೆ ಏನೋ ಕಂಡು ಮುಳುಗಿತು.

ಡಾಕ್ಟರು ಕೈ ನಿಲ್ಲಿಸಿದರು. "ಮೈ ಮೇಲೆ ಎಲ್ಲಾದರೂ ನೀಲಿ ಗುಳ್ಳೆ ಇದೆಯಾ ಇವರಿಗೆ? ಮೆತ್ತಗಿರುತ್ತೆ."

ಕೇಳಬೇಕಾದ ಪ್ರಶ್ನೆಯನ್ನು ಮೂವತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬರು ಕೇಳಿದ್ದರು. ಮಲ್ಲಿಗಮ್ಮನಿಗೆ ಎಚ್ಚರವಿರಲಿಲ್ಲ. ಡ್ರಿಪ್ಪಿನ ಸೂಜಿ ಅಲುಗದಂತೆ ಅವಳ ಎಡಗೈಯನ್ನು ಚಂದನ ಹಿಡಿದಿದ್ದಳು. ಹೂವು ಚಂದನಳ ಅಂಗೈಯ ಕೆಳಗೇ ಇತ್ತು.

"ಇಲ್ಲ ಸಾರ್. ನನ್ನ ಚಿಕ್ಕಮ್ಮನೇ ಇವರು, ನಂಗೊತ್ತು. ಹಚ್ಚೆ ಬಿಟ್ರೆ ಏನಿಲ್ಲ."

ಡಾಕ್ಟರು ತಲೆಯಾಡಿಸಿದರು. ಹಾಗಾದರೆ ಲಿವರಿನ ತೊಂದರೆಯಿಂದ ಊದಿಕೊಂಡ ರಕ್ತನಾಳ ಇರಬೇಕು ಎಂದು ಅದಕ್ಕೆ ತಕ್ಕ ಔಷಧ ಬರೆದರು.

*

ಕೊಟ್ಟಿಗೆಯ ಹಿಂದೆ ಬಾಳೆಗಿಡಗಳ ನಡುವೆ ನಿಂತು ಚಂದನ ಮಂಡ್ಯದ ಆ ಡಾಕ್ಟರಿಗೇ ಫೋನು ಮಾಡಿದಳು. ಸುನಿತಾಳ ಕಾಲಿನ ಚಿತ್ರವನ್ನು ಕಾಡಿ ಬೇಡಿ ತೆಗೆದು ಕಳಿಸಿದ್ದಳು. ಡಾಕ್ಟರು ರೋಗದ ಹೆಸರು ಹೇಳಿದರು. ನೀಲಿ ರಬ್ಬರ್ ಗುಳ್ಳೆ ಎಂದೇ ಅದರ ಹೆಸರು; ರಕ್ತನಾಳಗಳು ಹುಟ್ಟಿನಲ್ಲೇ ತಪ್ಪಾಗಿ ಹೆಣೆದುಕೊಂಡು ಆಗುವುದು. ಚರ್ಮದ ಮೇಲೆ ಒಂದು ಕಂಡರೆ ಕರುಳಿನಲ್ಲಿ ಹತ್ತು ಇರಬಹುದು. ಕೆಲವು ಮನೆಗಳಲ್ಲಿ ತಾಯಿಯಿಂದ ಮಗಳಿಗೆ ಬರುತ್ತದೆ. ಮಾತ್ರೆಯಿದೆ, ಬೇರೆ ದಾರಿಗಳಿವೆ. ಮೂಲವ್ಯಾಧಿಯೆಂದುಕೊಂಡು ಕುಯ್ಯುವುದು ಮಾತ್ರ ಕೂಡದು.

ಗುರುವಾರ ತಾನು ಹೌದು ಎಂದಿದ್ದರೆ ಚಿಕ್ಕವ್ವ ಉಳಿಯುತ್ತಿದ್ದರೇ ಎಂದು ಚಂದನ ಕೇಳಿದಳು.

"ಗೊತ್ತಿಲ್ಲಮ್ಮ," ಎಂದರು ಅವರು. "ಅಷ್ಟು ಹೊತ್ತಿಗೆ ಕುಯ್ದಾಗಿತ್ತು. ಆದರೆ ನಾನು ಕೊಟ್ಟ ಔಷಧಿ ಬೇರೆ ಇರ್ತಿತ್ತು."

ಮಲ್ಲಿಗಮ್ಮನ ಮಗ ಶಶಿಧರ್ ಚಟ್ಟಕ್ಕೆ ಬಿದಿರು ಸೀಳುತ್ತಿದ್ದ. ಅವನು ಮಳವಳ್ಳಿಯ ಅದೇ ನರ್ಸಿಂಗ್ ಹೋಮಿನ ಔಷಧಿ ಅಂಗಡಿಯಲ್ಲಿ ಹನ್ನೆರಡು ವರ್ಷದಿಂದ ಇದ್ದಾನೆ. ತಾಯಿಯ ಆಪರೇಷನ್ನಿಗೆ ದಿನ ಗೊತ್ತು ಮಾಡಿದವನೂ ಅವನೇ, ತಂಗಿಯದಕ್ಕೂ ಅವನೇ. ಚಂದನ ಹೇಳಿದ್ದನ್ನೆಲ್ಲ ಮಚ್ಚು ಕೆಳಗಿಡದೆ ಕೇಳಿದ. ಅವ್ವ ವರ್ಷಗಟ್ಟಲೆ ಮುಂದಕ್ಕೆ ಹಾಕಿದ್ದಕ್ಕೇ ಹೀಗಾಯಿತೆಂದು ಡಾಕ್ಟರು ಅವನಿಗೆ ಹೇಳಿದ್ದರು. ಅದಕ್ಕೇ ಸುನಿತಾಳದನ್ನು ಸೂತಕ ನೋಡದೆ ಸೋಮವಾರವೇ ಮುಗಿಸಬೇಕೆಂದು ಅವನು ಹಟ ಹಿಡಿದಿದ್ದ.

"ನೀನು ನರ್ಸು ಕಣಮ್ಮಿ. ಅವ್ರು ಡಾಕ್ಟ್ರು. ಇನ್ನೊಂದ್ ಎಣ ಬೀಳ್ಸ್‌ಬೇಡ ಈ ಮನೇಲಿ."

"ಅದನ್ನೇ ನಾನೂ ಹೇಳ್ತಿರೋದು ಅಣ್ಣ."

ಅವನು ಬಿದಿರಿಗೆ ಮಚ್ಚು ಹಾಕಿದ. ಒಂದೇ ಏಟಿಗೆ ಸೀಳಿತು.

ಸುನಿತಾ ಇನ್ನೂ ಕಷ್ಟ. ಅವಳು ಚಂದನಳ ರಟ್ಟೆ ಹಿಡಿದು, ಮದ್ದೂರಿನ ಅತ್ತೆಮನೆಯವರು ಅಂಗಳದಲ್ಲೇ ಕೂತಿದ್ದಾರೆ, ಬಾಯಿ ಬಿಡಬೇಡ ಎಂದಳು. ಮೂಲವ್ಯಾಧಿ ಎಂದರೆ ಯಾರೂ ಏನೂ ಅನ್ನುವುದಿಲ್ಲ, ಊರಿಗೆಲ್ಲ ಇರುತ್ತದೆ, ಕುಯ್ಸಿಕೊಂಡು ಎದ್ದರೆ ಮುಗಿಯಿತು. ರಕ್ತದಲ್ಲೇ ಬಂದದ್ದು ಎಂದರೆ ಹದಿಮೂರು ವರ್ಷದ ದೀಪಿಕಳ ಹಣೆಗೆ ಈಗಲೇ ಬರೆದಂತೆ. "ಏಳಕಿಲ್ಲ ಅಂತ ಆಣೆ ಮಾಡು. ಅವ್ವನ್ ಮೇಲೆ," ಎಂದಳು. ಹೆಣ ಹತ್ತು ಹೆಜ್ಜೆ ದೂರದಲ್ಲಿತ್ತು. ಚಂದನ ಆಣೆ ಮಾಡಿದಳು. ಮಾಡುತ್ತಲೇ, ಮುಚ್ಚುವುದು ಈ ಮನೆಯ ಹೆಂಗಸರಿಗೆ ಕೈತುತ್ತಿನಲ್ಲೇ ಬಂದಿದೆ ಎಂದು ಮೈಯೆಲ್ಲ ಉರಿಯಿತು.

*

ಹನ್ನೊಂದರ ಹೊತ್ತಿಗೆ ಮಳವಳ್ಳಿ ಡಾಕ್ಟರ ಕಾರು ಬಂತು. ಕೂತವರೆಲ್ಲ ಎದ್ದರು. ಯಾರೋ ಓಡಿಹೋಗಿ ಪ್ಲಾಸ್ಟಿಕ್ ಕುರ್ಚಿ ತಂದು ಹೆಗಲ ವಸ್ತ್ರದಿಂದ ಒರೆಸಿ ಇಟ್ಟರು. ಡಾಕ್ಟರು ಕೂರಲಿಲ್ಲ. ಸುಗಂಧರಾಜದ ಹಾರವನ್ನು ಹೆಣದ ಮೇಲಿಟ್ಟು ಕೈ ಮುಗಿದರು. ಆಮೇಲೆ ಕತ್ತು ಎಡಕ್ಕೆ ವಾಲಿತು.

"ತಡ ಮಾಡಿಬಿಟ್ಟರು. ಇನ್ನೊಂದೆರಡು ವರ್ಷ ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು. ಎಲ್ಲಾ ಅವನಿಚ್ಛೆ." ಗದ್ದ ಮೇಲಕ್ಕೆ ಹೋಯಿತು. ಅಲ್ಲಿ ಫ್ಯಾನಿರಲಿಲ್ಲ, ಶಾಮಿಯಾನ ಇತ್ತು.

ಹೆಂಗಸರ ನಡುವೆ ನಾಗಮಣಿಗೆ ನಗು ನುಗ್ಗಿ ಬಂತು. ಸೆರಗು ಬಾಯಿಗೆ ತುರುಕಿಕೊಂಡು ಬಗ್ಗಿ ನಡುಗಿದಳು. ಅಳುತ್ತಿದ್ದಾಳೆಂದು ಪಕ್ಕದವರು ಬೆನ್ನು ಸವರಿದರು. ಸವರುತ್ತಿದ್ದಂತೆ ಅದು ನಿಜಕ್ಕೂ ಅಳುವೇ ಆಯಿತು.

ಚಂದನ ಎದ್ದು ನಿಂತು, ಅದು ಮೂಲವ್ಯಾಧಿ ಆಗಿರಲಿಲ್ಲ ಎಂದಳು. ರೋಗದ ಹೆಸರು ಹೇಳಿದಳು. ಕೈಮೇಲಿನ ಹೂವಿನ ನಡುವನ್ನು ತೋರಿಸಿದಳು. ಡಾಕ್ಟರು ಸಮಾಧಾನವಾಗಿಯೇ ಕೇಳಿಸಿಕೊಂಡರು. ಅವರು ಕೆಟ್ಟವರಲ್ಲ, ಕೇಳಿಸಿಕೊಳ್ಳುವಾಗಲೂ ಉತ್ತರ ಸಿದ್ಧವಿರುತ್ತಿತ್ತು, ಅಷ್ಟೆ.

"ಪುಸ್ತಕದಲ್ಲಿ ಓದಿದೀನಮ್ಮ ಅದನ್ನ. ಇಡೀ ಪ್ರಪಂಚದಲ್ಲಿ ಒಂದಿಷ್ಟು ನೂರು ಜನಕ್ಕೆ ಬಂದಿರಬಹುದು. ಮಳವಳ್ಳಿಗೆ ಬರಲ್ಲ ಅದು."

"ಚಂದನ, ಒಳಕ್ಕೆ ಓಗು," ಎಂದ ಶಶಿಧರ್.

"ಹೋಗ್ತೀನಿ. ಮಂಡ್ಯದ ಡಾಕ್ಟರು ನನ್ನನ್ನ ಕೇಳಿದ್ರು ಸಾರ್, ಮೈ ಮೇಲೆ ನೀಲಿ ಗುಳ್ಳೆ ಐತಾ ಅಂತ. ಇಲ್ಲ ಅಂದೋಳು ನಾನು. ಈ ಕೈ ಹಿಡ್ಕೊಂಡೇ ಅಂದೆ. ನೀವು ತಡ ಅನ್ನೋದನ್ನ ಅವಳ ತಲೆಗೆ ಕಟ್ಟಬೇಡಿ. ನಿಮ್ಮ ಬಾಗಿಲಿಗೆ ಅವಳು ಇಪ್ಪತ್ತು ವರ್ಷ ಬಂದವ್ಳೆ."

ಇನ್ನೂ ಒಂದು ಮಾತು ಅವಳ ನಾಲಗೆಯ ತುದಿಗೆ ಬಂದು ಆಣೆಗೆ ತಡೆದು ನಿಂತಿತು. ಡಾಕ್ಟರು ಗಡಿಯಾರ ನೋಡಿಕೊಂಡು, ಹೊರಡುವವರಂತೆ ಶಶಿಧರನ ಭುಜ ತಟ್ಟಿದರು. ತಂಗಿಯನ್ನು ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಬಾ ಎಂದರು, ಮೆತ್ತಗೆ, ಉಪಕಾರ ಮಾಡುವವರ ದನಿಯಲ್ಲಿ.

ಹೆಣದ ಬಾಯಿಗೆ ಹಾಕುವ ಅಕ್ಕಿಯ ತಟ್ಟೆ ಹಿಡಿದಿದ್ದ ಸುನಿತಾ ಅದನ್ನು ಚಲುವಮ್ಮನ ಮಡಿಲಿಗೆ ಇಟ್ಟಳು. ಗಂಡಸರ ಸಾಲು ದಾಟಿ ಬಂದಳು. ಡಾಕ್ಟರಿಗೆಂದು ಇಟ್ಟಿದ್ದ ಕುರ್ಚಿಯ ಮೇಲೆ ಬಲಗಾಲಿಟ್ಟು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದಳು.

"ಮುಟ್ಟಿ ನೋಡಿ ಸಾರ್."

"ಏನಮ್ಮ ಇದು, ಎಲ್ಲರ ಮುಂದೆ..."

"ಸೋಮವಾರ ಕುಯ್ಯೋರಲ್ವಾ ನೀವು? ಇವತ್ತು ಮುಟ್ಟಿ."

ಮದ್ದೂರಿನವರು ಕೂತ ಕಡೆ ಗುಜುಗುಜು ಎದ್ದಿತು. ಡಾಕ್ಟರು ಸುತ್ತ ನೋಡಿದರು. ನೋಡಿದ ಕಡೆಯೆಲ್ಲ ಕಣ್ಣುಗಳು. ಬಗ್ಗಿದರು. ತೋರುಬೆರಳಿನಿಂದ ಒತ್ತಿದರು, ತೆಗೆದರು. ನೀಲಿ ಹೋಯಿತು, ಬಂತು. ಯಾರೂ ಹೇಳದೆ ಇನ್ನೊಮ್ಮೆ ಒತ್ತಿದರು. ಮೂರನೆಯ ಸಲ ಮಂಡಿಯೂರಿ ಕೂತು ಒತ್ತಿದರು. ಎದ್ದಾಗ ಅವರ ಕತ್ತು ನೆಟ್ಟಗಿತ್ತು.

"ಯಾವಾಗಿಂದ ಇದೆ ಇದು?" ಎಂದರು. ಆ ದನಿ ಮಲ್ಲಿಗಮ್ಮನ ಆಟದಲ್ಲಿ ಇಲ್ಲದ್ದು.

ಸುನಿತಾ ಸೀರೆ ಇಳಿಸಿದಳು.

"ಸೋಮವಾರ ಬೇಡ," ಎಂದರು ಡಾಕ್ಟರು. ಹೆಣದ ಕಡೆ ನೋಡದೆ ಸೇರಿಸಿದರು: "ನಾನು ಹಚ್ಚೆ ಅಂದ್ಕೊಂಡೆ."

ಅವರು ಕಾರಿನವರೆಗೆ ಒಬ್ಬರೇ ನಡೆದು ಹೋದರು. ಯಾವಾಗಲೂ ಮುಂದೆ ಓಡಿ ಬಾಗಿಲು ತೆಗೆಯುತ್ತಿದ್ದ ಶಶಿಧರ್ ಚಟ್ಟದ ಹಗ್ಗದ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಬಿಗಿದಾಗಿದ್ದ ಗಂಟನ್ನೇ ಮತ್ತೆ ಮತ್ತೆ ಬಿಗಿಯುತ್ತಿದ್ದ. ಹಾರವನ್ನು ತಾಯಿಯ ಮೇಲಿಂದ ಎತ್ತಿ ತಿಪ್ಪೆಗೆ ಎಸೆದವನೂ ಅವನೇ, ಆದರೆ ಅದು ಕಾರು ತಿರುವು ದಾಟಿದ ಮೇಲೆ.

ಸುನಿತಾಳ ಅತ್ತೆ ಬೆಳಗಿನಿಂದ ದೀಪಿಕಳ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಈಗ ಬಿಟ್ಟಳು.

*

ಗದ್ದೆಯ ಮೂಲೆಯಲ್ಲಿ ಗಂಡನ ಪಕ್ಕ ಮಣ್ಣು ಮಾಡಿದರು. ಗಂಡಸರು ಬೋರ್‌ವೆಲ್ಲಿನ ನೀರಿಗೆ ಹೋದರು, ಹೆಂಗಸರು ನಾಲೆಗೆ ಇಳಿದರು. ಮಿಂದು ಒದ್ದೆಬಟ್ಟೆಯಲ್ಲೇ ಮನೆಗೆ ಹೋಗಿ, ಹೆಣ ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಬೇಕು. ಮದ್ದೂರಿನವರು ಮೇಲಿನ ಮೆಟ್ಟಿಲಲ್ಲಿ ಮುಳುಗೆದ್ದು ಬೇಗ ಹೊರಟುಹೋದರು.

ಚಲುವಮ್ಮ ಸೊಂಟದ ನೀರಿನಲ್ಲಿ ನಿಂತು ಮಗಳ ಮುಂದೆ ಎರಡೂ ಕೈ ಚಾಚಿದಳು. ಮೊಣಕೈವರೆಗೆ ಹಚ್ಚೆ: ರಂಗೋಲಿ, ಚೇಳು, ತುಳಸಿಕಟ್ಟೆ.

"ಎಲ್ಲಾ ಒತ್ತು," ಎಂದಳು. "ಒಂದೂ ಬುಡ್‌ಬೇಡ."

ಚಂದನ ಒಂದೊಂದನ್ನೂ ಒತ್ತಿದಳು. ಚೇಳು ಅಲುಗಲಿಲ್ಲ. ತುಳಸಿ ಅಲುಗಲಿಲ್ಲ. ಮುಗಿಯುತ್ತಲೇ ಚಲುವಮ್ಮ ಅವಳನ್ನು ಹಿಂದಕ್ಕೆ ತಿರುಗಿಸಿ, ಒದ್ದೆ ರವಿಕೆಯನ್ನು ಭುಜದಿಂದ ಜಾರಿಸಿ, ಬೆನ್ನು ನೋಡತೊಡಗಿದಳು. ಅಷ್ಟು ಹೊತ್ತೂ ಚಂದನಳಿಗೆ ತನ್ನ ಮೈ ನೆನಪಾಗಿರಲಿಲ್ಲ. ತಾಯಿಯ ಒರಟು ಬೆರಳು ಬೆನ್ನುಮೂಳೆಯ ಗುಂಟ ಇಳಿಯುವಾಗ ಅವಳು ಉಸಿರು ಹಿಡಿದಳು.

ಕೆಳಗಿನ ಮೆಟ್ಟಿಲಲ್ಲಿ ಸುನಿತಾ ದೀಪಿಕಳನ್ನು ಎರಡು ಕಾಲುಗಳ ನಡುವೆ ಕೂರಿಸಿಕೊಂಡಿದ್ದಳು. ಕೈ ನೋಡಿಯಾಗಿತ್ತು, ಅಂಗಾಲು ನೋಡಿಯಾಗಿತ್ತು, ಬೆರಳ ಸಂದಿಗಳೂ ಆಗಿದ್ದವು. ಈಗ ಹೇನು ಹುಡುಕುವವಳ ಹಾಗೆ ಒದ್ದೆ ಕೂದಲನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದಳು. ಹುಡುಗಿ ಏನು ಅಮ್ಮಾ ಎಂದು ಎರಡು ಸಲ ಕೇಳಿ, ಆಮೇಲೆ ಕೇಳುವುದನ್ನು ಬಿಟ್ಟು ತಲೆ ಬಗ್ಗಿಸಿ ಕೂತಳು.

ಏರಿಯ ಮೇಲಿಂದ ಯಾರೋ ದೀಪಕ್ಕೆ ಹೊತ್ತಾಯಿತೆಂದು ಕೂಗಿದರು. ಸುನಿತಾ ಬೈತಲೆ ಮುಗಿಸಿ, ಹಿಂದಲೆ ಮುಗಿಸಿ, ಎಡಗಿವಿಯ ಹಿಂಬದಿಯ ಕೂದಲನ್ನು ಎತ್ತಿ ಹಿಡಿದಳು. ಅವಳ ಬೆರಳು ಅಲ್ಲೇ ನಿಂತಿತು.